ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್: ಎಐ ಕಟ್ಟಿಕೊಡುವ ಕಥೆಗಳಲ್ಲಿ ಹತ್ತನೇ ತರಗತಿ ವಿಜ್ಞಾನ

ಚಾಟ್‌ಜಿಪಿಟಿ, ಜೆಮಿನಿಯಂಥ ಆ್ಯಪ್‌ಗಳಿಗೆ ಒಂದು ಪಾಠ ಕೊಟ್ಟು ‘ಇದನ್ನು ಕಥೆ ಮಾಡು, ಅದರಲ್ಲಿ ನಾನೂ ಒಂದು ಪಾತ್ರ’ ಅಂದರೆ ಸಾಕು, ನಡುನಡುವೆ ನಿಂತು ‘ಈಗ ಏನು ಮಾಡ್ತೀಯ?’ ಎಂದು ಕೇಳುವ ಕಥೆ ಸಿಗುತ್ತದೆ. ಕೋಲಾರ ಜಿಲ್ಲೆಯ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇದರಿಂದ ಎಷ್ಟು ಉಪಯೋಗ? ಕಾರಣ, ಪರಿಣಾಮ ಇರುವ ಪಾಠಗಳಿಗೆ ಬಹಳ ಒಳ್ಳೆಯದು. ವ್ಯಾಖ್ಯೆ, ಇಸವಿ, ಪಟ್ಟಿಗಳಿಗೆ ಸುಮಾರು. ಲೆಕ್ಕ ಬಿಡಿಸುವ ಅಭ್ಯಾಸಕ್ಕೆ ಸಾಲದು. ಐದಕ್ಕೆ ಮೂರೂವರೆ ಕೊಡಬಹುದು, ಅದೂ ಕಥೆ ಕಟ್ಟಿಸುವ ಕ್ರಮ ಗೊತ್ತಿದ್ದರೆ.

ಸುಮ್ಮನೆ ಓದಿಸಿಕೊಂಡು ಹೋಗುವ ಕಥೆ ಓದಿಗೆ ನೆರವಾಗುವುದಿಲ್ಲ. ಪಾಠ ಗೊತ್ತಿಲ್ಲದಿದ್ದರೆ ಕಥೆ ಮುಂದಕ್ಕೇ ಹೋಗಬಾರದು. ವಿದ್ಯುಚ್ಛಕ್ತಿ ಪಾಠವನ್ನೇ ನೋಡಿ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ಕಥೆಯಲ್ಲಿ ವಿದ್ಯಾರ್ಥಿಯೇ ಇಂಜಿನಿಯರ್. ಗಣಿಗೆ 10,000 ವ್ಯಾಟ್ ಕಳಿಸಬೇಕು, ತಂತಿಯ ರೋಧ 2 ಓಮ್ (ಲೆಕ್ಕ ಸುಲಭವಾಗಲಿ ಎಂದು ಇಟ್ಟುಕೊಂಡ ಅಂಕಿಗಳು). 1,000 ವೋಲ್ಟ್‌ನಲ್ಲಿ ಕಳಿಸುತ್ತೀಯೋ, 10,000 ವೋಲ್ಟ್‌ನಲ್ಲೋ? 1,000 ಎಂದರೆ ತಂತಿಯಲ್ಲಿ 10 ಆಂಪಿಯರ್ ಹರಿಯುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 200 ವ್ಯಾಟ್ ಶಾಖವಾಗಿ ಹೋಯಿತು. 10,000 ಎಂದರೆ 1 ಆಂಪಿಯರ್, ನಷ್ಟ ಬರೀ 2 ವ್ಯಾಟ್. ಅಷ್ಟು ದೂರಕ್ಕೆ ಹೆಚ್ಚು ವೋಲ್ಟೇಜ್ ಯಾಕೆ ಬೇಕಾಯಿತು ಎಂದು ಮಗುವಿಗೆ ತಾನೇ ಹೊಳೆಯುತ್ತದೆ. ಜೌಲ್ ನಿಯಮ (ಪ್ರವಾಹ ಹರಿದಾಗ ತಂತಿಯಲ್ಲಿ ಹುಟ್ಟುವ ಶಾಖದ ನಿಯಮ) ಆಮೇಲೆ ಬಾಯಿಪಾಠದ ಸಾಲಾಗಿ ಉಳಿಯುವುದಿಲ್ಲ.

ಮಕ್ಕಳು ಎಡವುವುದೂ ಇಲ್ಲೇ, ಕೆಲವೊಮ್ಮೆ ಎಐ ಎಡವುವುದೂ ಇಲ್ಲೇ. ‘ವೋಲ್ಟ್‌ನ ವರ್ಗವನ್ನು ರೋಧದಿಂದ ಭಾಗಿಸಿದರೂ ಸಾಮರ್ಥ್ಯ ಬರುತ್ತದಲ್ಲ, ಹಾಗಾದರೆ ವೋಲ್ಟ್ ಹೆಚ್ಚಿದಷ್ಟೂ ನಷ್ಟ ಹೆಚ್ಚಬೇಕಲ್ಲ’ ಎಂಬ ವಾದ ನೋಡಲು ಸರಿಯಾಗೇ ಇದೆ. ಆದರೆ ಆ ಸೂತ್ರಕ್ಕೆ ಹಾಕಬೇಕಾದ್ದು ತಂತಿಯ ಎರಡು ತುದಿಗಳ ನಡುವಿನ ವಿಭವಾಂತರ. ಮೇಲಿನ ಲೆಕ್ಕದಲ್ಲಿ ಅದು 20 ವೋಲ್ಟ್ ಅಥವಾ 2 ವೋಲ್ಟ್ ಮಾತ್ರ. ಲೈನಿನ ಪೂರ್ತಿ ವೋಲ್ಟೇಜ್ ಅಲ್ಲ. ಇದನ್ನು ಬಿಡಿಸಿ ಹೇಳಲು ಪಕ್ಕದಲ್ಲಿ ವಿಜ್ಞಾನದ ಮೇಷ್ಟ್ರೋ ಮೇಡಮ್ಮೋ ಇರಬೇಕು.

ಕಥೆ ಕಟ್ಟಿಸಲು ಹೀಗೆ ಬರೆಯಿರಿ: ‘ಕೆಳಗಿನ ಪಾಠದ ಭಾಗವನ್ನು ಮಾತ್ರ ಆಧಾರವಾಗಿಟ್ಟುಕೊಂಡು ಕಥೆ ಹೇಳು. ನಾನು ಇಂಜಿನಿಯರ್. ಆರು ಕಡೆ ನಿಲ್ಲಿಸು. ಪ್ರತಿ ಸಲ ಒಂದೇ ಪ್ರಶ್ನೆ ಕೇಳು, ಆಯ್ಕೆಗಳನ್ನು ಕೊಡಬೇಡ. ಉತ್ತರದ ಜೊತೆ ಕಾರಣವನ್ನೂ ನಾನು ಬರೆಯುವ ತನಕ ಮುಂದಕ್ಕೆ ಹೋಗಬೇಡ. ತಪ್ಪಿದರೆ ಪರಿಣಾಮವನ್ನು ಕಥೆಯಲ್ಲೇ ತೋರಿಸು, ಆಮೇಲೆ ಪಾಠದ ಯಾವ ಸಾಲು ಮರೆತೆ ಎಂದು ಹೇಳು. ಪಾಠದಲ್ಲಿರುವ ಪದಗಳನ್ನೇ ಬಳಸು.’ ಆಯ್ಕೆ ಬೇಡ ಅನ್ನುವುದಕ್ಕೆ ಕಾರಣವಿದೆ. ನಾಲ್ಕು ಆಯ್ಕೆ ಕೊಟ್ಟರೆ ಸರಿಯುತ್ತರವೇ ಎಲ್ಲಕ್ಕಿಂತ ಉದ್ದವಾಗಿ, ವಿವರವಾಗಿ ಇರುವುದು ಹೆಚ್ಚು. ಎರಡು ಪ್ರಶ್ನೆ ಕಳೆಯುವುದರೊಳಗೆ ಮಕ್ಕಳು ಅದನ್ನು ಪತ್ತೆ ಹಚ್ಚಿಬಿಡುತ್ತಾರೆ. ಕೊನೆಯ ಸಾಲನ್ನೂ ಬಿಡಬೇಡಿ. ಪುಸ್ತಕದಲ್ಲಿ ‘ರೋಧ’ ಇದ್ದರೆ ಎಐ ‘ಪ್ರತಿರೋಧ’ ಎನ್ನುತ್ತದೆ, ‘ಹೃತ್ಕುಕ್ಷಿ’ (ಹೃದಯದ ಕೆಳಕೋಣೆ) ಇದ್ದ ಕಡೆ ‘ಕುಹರ’ ತರುತ್ತದೆ, ಪರೀಕ್ಷೆ ಬರೆಯುವ ಮಗು ಗೊಂದಲಕ್ಕೆ ಬೀಳುತ್ತದೆ.

ಪಾಠವನ್ನು ಒಳಗೆ ಹಾಕುವುದೇ ದೊಡ್ಡ ಕೆಲಸ. ಕನ್ನಡದ ಎಷ್ಟೋ ಪಿಡಿಎಫ್‌ಗಳು ಹಳೆಯ ನುಡಿ ಅಕ್ಷರಶೈಲಿಯಲ್ಲಿ ತಯಾರಾದವು. ಪರದೆಯ ಮೇಲೆ ಚೆನ್ನಾಗಿ ಕಾಣುತ್ತವೆ, ಕಾಪಿ ಮಾಡಿ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಅದನ್ನೇ ಕೊಟ್ಟರೆ ಎಐ ಪಾಠ ಬಿಟ್ಟು ತನಗೆ ತೋಚಿದ್ದನ್ನು ಹೇಳಲು ಶುರು ಮಾಡುತ್ತದೆ. ಅದರ ಬದಲು ಪುಟದ ಫೋಟೋ ತೆಗೆಯಿರಿ. ಹಗಲು ಬೆಳಕಿನಲ್ಲಿ, ಪುಟ ಮಡಿಕೆಯಾಗದಂತೆ, ಒಂದು ಸಲಕ್ಕೆ ಒಂದೇ ಪುಟ. ಮೊದಲು ‘ಇದರಲ್ಲಿರುವುದನ್ನು ಹಾಗೇ ಟೈಪ್ ಮಾಡು’ ಎಂದು ಹೇಳಿ ಪುಸ್ತಕದ ಜೊತೆ ಹೋಲಿಸಿ. ಒತ್ತಕ್ಷರಗಳು ತಪ್ಪುತ್ತವೆ. ಸೂತ್ರಗಳಲ್ಲಿ ಮೇಲೆ ಕೂರಬೇಕಾದ ಘಾತದ 2 ಕೆಳಗಿಳಿದು ಪಕ್ಕಕ್ಕೆ ಬರುತ್ತದೆ. ತಿದ್ದಿದ ಮೇಲೆ ಕಥೆಗೆ ಹೋಗಿ. ಎರಡರಿಂದ ಮೂರು ಪುಟ ಸಾಕು. ಇಡೀ ಅಧ್ಯಾಯ ಹಾಕಿದರೆ ಕಥೆ ಮೇಲುಮೇಲೆ ತೇಲುತ್ತದೆ. ಕನ್ನಡ ಪಠ್ಯವನ್ನು ಈ ಯಂತ್ರಗಳು ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗಿ ಒಡೆದು ಓದುವುದರಿಂದ ಉಚಿತ ಬಳಕೆಯ ಮಿತಿಯೂ ಬೇಗ ಮುಗಿಯುತ್ತದೆ.

ಇತಿಹಾಸದಲ್ಲಿ ಇನ್ನೂ ಎಚ್ಚರ ಬೇಕು. 1938ರ ಏಪ್ರಿಲ್‌ನಲ್ಲೇ ಮಂಡ್ಯದ ಶಿವಪುರದ ಧ್ವಜ ಸತ್ಯಾಗ್ರಹವೂ ನಡೆಯಿತು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಗೋಲಿಬಾರೂ ನಡೆಯಿತು. ಪಾಠದ ಭಾಗ ಕೊಡದೆ ಕಥೆ ಕೇಳಿದರೆ ಎರಡೂ ಕಲಸಿಹೋಗಬಹುದು. ಕಥೆಯ ರೂಪದಲ್ಲಿ ತಲೆಗೆ ಹೋದ ತಪ್ಪನ್ನು ಅಳಿಸುವುದು ಬಹಳ ಕಷ್ಟ.

ಕಥೆ ಶುರುವಾದ ಮೇಲೆ ಒಮ್ಮೆ ಬೇಕಂತಲೇ ತಪ್ಪುತ್ತರ ಕೊಟ್ಟು ‘ಇಲ್ಲ, ನಾನು ಹೇಳಿದ್ದೇ ಸರಿ’ ಎಂದು ಹಟ ಹಿಡಿದು ನೋಡಿ. ‘ಹೌದು, ಕ್ಷಮಿಸಿ’ ಎಂದು ತಲೆಯಾಡಿಸಿದರೆ ಆ ಕಥೆಯನ್ನು ಮಕ್ಕಳ ಕೈಗೆ ಕೊಡಬೇಡಿ. ಬಳಸುವವರನ್ನು ಮೆಚ್ಚಿಸುವ ಗುಣ ಈ ಸೇವೆಗಳ ದೊಡ್ಡ ದೋಷ.

ನೆನಪಿನ ವಿಷಯಕ್ಕೆ ಬರೋಣ. 1969ರಲ್ಲಿ ಬೋವರ್ ಮತ್ತು ಕ್ಲಾರ್ಕ್ ಎಂಬ ಮನೋವಿಜ್ಞಾನಿಗಳು ಹತ್ತು ಹತ್ತು ಪದಗಳ 12 ಪಟ್ಟಿಗಳನ್ನು ಕೊಟ್ಟು ನೋಡಿದ್ದರು. ಕಥೆಯಾಗಿ ಹೆಣೆದವರು ಕೊನೆಯಲ್ಲಿ ಸುಮಾರು ಶೇ. 93ರಷ್ಟು ಪದಗಳನ್ನು ಹೇಳಿದರು, ಸುಮ್ಮನೆ ಉರು ಹೊಡೆದವರು ಸುಮಾರು ಶೇ. 13. ಈ ಅಂಕಿಯನ್ನು ಹೇಳುವವರು ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತಾರೆ: ಅಲ್ಲಿ ಕಥೆ ಹೆಣೆದವರು ವಿದ್ಯಾರ್ಥಿಗಳೇ. ಹಾಗಾಗಿ ಪಟ್ಟಿಯಂಥ ವಿಷಯಕ್ಕೆ ಎಐ ಬರೆದ ಕಥೆ ಓದುವುದಕ್ಕಿಂತ, ಮಗು ತಾನೇ ನಾಲ್ಕು ಸಾಲಿನ ಕಥೆ ಬರೆದು ‘ಇದರಲ್ಲಿ ಯಾವ ಅಂಶ ಬಿಟ್ಟುಹೋಗಿದೆ?’ ಎಂದು ಕೇಳುವುದು ಮೇಲು.

ಕಥೆ ಮುಗಿದ ಸಂಜೆ ಎಲ್ಲ ಬಂದಹಾಗೇ ಅನ್ನಿಸುತ್ತದೆ. ಅದನ್ನು ನಂಬಬೇಡಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಮಾಡಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದೆ ಬಂದರು. ಆದ್ದರಿಂದ ಮರುದಿನ, ಮೂರನೇ ದಿನ, ಏಳನೇ ದಿನ ಫೋನ್ ಪಕ್ಕಕ್ಕಿಟ್ಟು ಕಥೆಯ ಆರು ನಿಲುಗಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಪಾತ್ರದ ಹೆಸರು ಜ್ಞಾಪಕ ಇದ್ದು ನಿಯಮ ಜ್ಞಾಪಕ ಇಲ್ಲದಿದ್ದರೆ ಕಥೆಯಲ್ಲಿ ಅಲಂಕಾರ ಹೆಚ್ಚಾಗಿದೆ ಎಂದರ್ಥ. ಮುಂದಿನ ಸಲ ‘ವರ್ಣನೆ ಒಂದೇ ಸಾಲು’ ಎಂದು ಸೇರಿಸಿ. ಲೆಕ್ಕದ ಪ್ರಶ್ನೆಗಳನ್ನಂತೂ ದತ್ತಾಂಶ, ಸೂತ್ರ, ಆದೇಶ (ಸೂತ್ರದಲ್ಲಿ ಬೆಲೆ ಹಾಕುವುದು), ಏಕಮಾನ ಎಂದು ಕೈಯಲ್ಲೇ ಬರೆದು ಕಲಿಯಬೇಕು. 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಕಥೆ ಹೇಳುವವರು ಯಾರೂ ಇರುವುದಿಲ್ಲ.

ಮಗುವಿನ ಹೆಸರು, ಶಾಲೆ, ನೋಂದಣಿ ಸಂಖ್ಯೆ ಟೈಪ್ ಮಾಡಬೇಡಿ. ಲಾಗಿನ್ ದೊಡ್ಡವರದೇ ಇರಲಿ.

ಈ ಸೇವೆಯ ಅತ್ಯುತ್ತಮ ಬಳಕೆ ತರಗತಿಯಲ್ಲೇ. ಮಾಲೂರಿನಲ್ಲಾಗಲಿ ಮುಳಬಾಗಿಲಿನಲ್ಲಾಗಲಿ ಪ್ರತಿ ಮಗುವಿನ ಕೈಗೂ ಫೋನ್ ಬೇಕಿಲ್ಲ. ಮೇಷ್ಟ್ರು ಒಂದೇ ಫೋನಿನಲ್ಲಿ ಕಥೆ ಓದಿ ನಿಲ್ಲಿಸಲಿ, ಬೆಂಚಿಗೊಂದು ಗುಂಪು ಚರ್ಚಿಸಿ ಕಾರಣ ಬರೆಯಲಿ, ಹೆಚ್ಚು ಬೆಂಚುಗಳು ಹೇಳಿದ ಉತ್ತರವನ್ನು, ಅದು ತಪ್ಪಿದ್ದರೂ, ಒಳಗೆ ಹಾಕಿ ಮುಂದಕ್ಕೆ ಹೋಗಲಿ. ಆರು ನಿಲುಗಡೆಗೆ ಒಂದು ಪೀರಿಯಡ್ ಸಾಕು. ಚೆನ್ನಾಗಿ ಬಂದ ಕಥೆಯನ್ನು ತಿದ್ದಿ, ನಿಲುಗಡೆಗಳ ಕೆಳಗೆ ಮೂರು ಸಾಲು ಖಾಲಿ ಬಿಟ್ಟು, ಒಂದೇ ಎ4 ಹಾಳೆಯ ಎರಡೂ ಬದಿಗೆ ಜೆರಾಕ್ಸ್ ಮಾಡಿಸಿ ಹಂಚಿದರೆ ಮನೆಯಲ್ಲಿ ನೆಟ್ ಇಲ್ಲದ ಮಕ್ಕಳಿಗೂ ಸಿಕ್ಕಿತು. ಉತ್ತರಗಳನ್ನು ಆ ಹಾಳೆಯಲ್ಲಿ ಹಾಕಬೇಡಿ, ಮರುದಿನ ಬೋರ್ಡಿನ ಮೇಲೆ ಬರೆಯಿರಿ.