ಎರಡು ರಾತ್ರಿ ನೀರಿನಡಿ ಇದ್ದ ಟಾರ್ಚು: ಮೂರು ವರ್ಷ ಬಳಸಿದ ಮೇಲೆ

ಈ ಟಾರ್ಚಿಗೆ ಎಷ್ಟು ಲುಮೆನ್, ಬೆಳಕು ಎಷ್ಟು ದೂರ ಹೋಗುತ್ತದೆ ಅನ್ನುವುದೆಲ್ಲ ಡಬ್ಬಿಯ ಮೇಲೇ ಇದೆ. ನಾನು ಬರೆಯಲು ಕೂತಿದ್ದು ನೀರು ಒಳಗೆ ಹೋಗದ ಹಾಗೆ ತಡೆಯುವ, ಅದರೊಳಗಿನ ಒಂದು ರಬ್ಬರ್ ರಿಂಗಿನ ಬಗ್ಗೆ. ಮತ್ತೆ ನಮ್ಮ ದೋಣಿ ಬಗ್ಗೆ.

ನಮ್ಮದು ಸಾಗರ ತಾಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಅಂಚಿನ ಮನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತಲ್ಲ, ಆಗ ಅಜ್ಜನ ಗದ್ದೆಯೆಲ್ಲ ಮುಳುಗಿತು. ಉಳಿದ ಅಡಿಕೆ ತೋಟ ಆಚೆ ದಡದಲ್ಲಿದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ "ಇನ್ನೂ ದೋಣಿ ಯಾಕೆ?" ಎಂದು ಕೇಳುವವರು ಜಾಸ್ತಿ. ಸೇತುವೆ ಇರುವುದು ಅಂಬಾರಗೋಡ್ಲು, ಕಳಸವಳ್ಳಿ ನಡುವೆ. ನಮ್ಮ ತೋಟಕ್ಕೆ ಹೋಗಲು ಹಿನ್ನೀರಿನ ಬೇರೊಂದು ಕವಲು ದಾಟಬೇಕು. ದೋಣಿಯಲ್ಲಾದರೆ ಹತ್ತು ನಿಮಿಷದ ದಾರಿ.

ಟಾರ್ಚು ತಂದಿದ್ದು ಸಾಗರದ ಅಂಗಡಿಯಿಂದ, 950 ರೂಪಾಯಿಗೆ. ನಮ್ಮ ಮನೆಯಲ್ಲಿ ಅದಕ್ಕಿಂತ ಮೊದಲು ಟಾರ್ಚಿಗೆ ಅಷ್ಟು ದುಡ್ಡು ಕೊಟ್ಟವರಿಲ್ಲ. ಸಂಜೆ ಕೊಟ್ಟಿಗೆ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕೂತು ಅದನ್ನು ಒರೆಸುವುದು ನನ್ನ ಅಭ್ಯಾಸ. ಪ್ರತಿ ಅಮಾವಾಸ್ಯೆಗೆ ಹಿಂದಿನ ಮುಚ್ಚಳ ತಿರುಗಿಸಿ ತೆಗೆಯುತ್ತೇನೆ. ಥ್ರೆಡ್ಡಿನ ಕೊನೆಯಲ್ಲಿ ಕಪ್ಪು ರಿಂಗು ಕೂತಿರುತ್ತದೆ. ಹಳೆ ಪಂಚೆ ತುಂಡಿನಿಂದ ಧೂಳು ತೆಗೆದು, ಬೆರಳ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಸಿಲಿಕೋನ್ ಗ್ರೀಸ್ ತಗೊಂಡು, ರಿಂಗಿನ ಸುತ್ತ ನಿಧಾನಕ್ಕೆ ಹಚ್ಚಬೇಕು. ಮೊದಲು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಚಳಿಗೆ ಅದು ಗಟ್ಟಿಯಾಗಿ ಮಣ್ಣು ಹಿಡಿಯುತ್ತಿತ್ತು. ಸರಿಯಾಗಿ ಗ್ರೀಸ್ ಕೂತರೆ ಮುಚ್ಚಳ ತಿರುಗುವಾಗ ಬೆಣ್ಣೆಯ ಹಾಗೆ ಜಾರುತ್ತದೆ. ಆ ಹಿತ ಕೈಗೇ ಗೊತ್ತಾಗುತ್ತದೆ.

ಬೇಸರದ ಸಂಗತಿಗಳೂ ಇವೆ. ಆರಿಸಬೇಕಾದರೆ ಮೂರು ಸಲ ಒತ್ತಬೇಕು, ನಡುವೆ ಮಿಣಿಮಿಣಿ ಬೆಳಕು ಬಂದೇ ಬರುತ್ತದೆ. ಕಣ್ಣಿಗೆ ಹಿಂಸೆ. ಮಂಜಿನಲ್ಲಿ ಎದೆಯ ಮಟ್ಟದಲ್ಲಿ ಹಿಡಿದರೆ ಬೆಳಕು ವಾಪಸ್ ಮುಖಕ್ಕೇ ಹೊಡೆಯುತ್ತದೆ. ಸೊಂಟದ ಕೆಳಗೆ, ನೀರಿನತ್ತ ಹಿಡಿದರೆ ಪರವಾಗಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಚಾರ್ಜ್ ಮಾಡುವುದೇ ಕಷ್ಟ. ಅದಕ್ಕೇ ಈ ಟಾರ್ಚಿಗೆ ಹಾಕುವ, 18650 ಅನ್ನುವ ಅಳತೆಯ ಚಾರ್ಜ್ ಸೆಲ್ಲು ಇನ್ನೊಂದು ತರಿಸಿದೆ. ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಲೆಕ್ಕ ಮೇಲೆ 9900 ಎಂಎಎಚ್ ಎಂದು ಬರೆದಿತ್ತು. ಆ ಅಳತೆಯ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದೇ ಇಲ್ಲ, ಒಳ್ಳೆಯದರಲ್ಲೇ 3500ರ ಆಸುಪಾಸು. ಒಂದು ಗಂಟೆಗೆ ಮಂಕಾಯಿತು. ಮಾರಿದವರು ಹಣ ವಾಪಸ್ ಕೊಡಲಿಲ್ಲ. ಅದು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ. ರಾತ್ರಿ ನೀರಿನ ಮೇಲಿರುವವನಿಗೆ ಇಂಥ ಸೆಲ್ಲು ಮಾರಬಾರದು ಅಲ್ವಾ?

ಕಳೆದ ವರ್ಷ ಆಶ್ಲೇಷ ಮಳೆಯಲ್ಲಿ ಒಂದು ಸಂಜೆ ತೋಟದಿಂದ ಬಂದವನು ಗಡಿಬಿಡಿಯಲ್ಲಿ ಟಾರ್ಚನ್ನು ದೋಣಿಯಲ್ಲೇ ಬಿಟ್ಟೆ. ಕೂರುವ ಹಲಗೆಯ ಕೆಳಗಿನ ಮೊಳೆಗೆ ದಾರದಲ್ಲಿ ನೇತಾಡುತ್ತಿತ್ತು. ರಾತ್ರಿ ಗಾಳಿ ಎದ್ದಿತು. ಹೆಂಚು ಹಾರುವ ಸದ್ದಿಗೆ ಯಾರೂ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ದೋಣಿ ಇಲ್ಲ. ಹಗ್ಗ ತುಂಡಾಗಿರಲಿಲ್ಲ, ಹಗ್ಗ ಕಟ್ಟಿದ ಮತ್ತಿ ಮರವೇ ಬುಡಸಮೇತ ಬಿದ್ದಿತ್ತು.

ಮುಳುಗಡೆ ಕಾಲದ ಮರದ ಬೊಡ್ಡೆಗಳು ಇವತ್ತಿಗೂ ಹಿನ್ನೀರಿನಲ್ಲಿ ನಿಂತಿವೆ. ಬೇಸಿಗೆಯಲ್ಲಿ ಕಾಣುತ್ತವೆ. ನೀರು ಅಣೆಕಟ್ಟಿನ ತುಂಬು ಮಟ್ಟವಾದ 1819 ಅಡಿಯ ಹತ್ತಿರ ಬರುವಾಗ ಎಷ್ಟೋ ಬೊಡ್ಡೆ ಮೇಲೆ ಕಾಣದೆ ಅಡಿಯಲ್ಲೇ ಇರುತ್ತವೆ. ಅಂಥದ್ದೊಂದಕ್ಕೆ ದೋಣಿ ಬಡಿದು ಹೊಟ್ಟೆ ಸೀಳಿಕೊಂಡು ಮುಳುಗಿತ್ತು. ಗಾಳಿ ನಿಂತ ಮೇಲೆ, ಮೂರನೇ ದಿನ, ನೆರೆಮನೆಯ ನಾಲ್ಕು ಜನ ಸೇರಿ ಎಂಟು ಅಡಿ ನೀರಿನಿಂದ ಎಳೆದೆವು. ಟಾರ್ಚು ಮೊಳೆಗೇ ಇತ್ತು, ಕೆಸರು ಮೆತ್ತಿಕೊಂಡು. ಡಬ್ಬಿಯಲ್ಲಿ ಬರೆದಿದ್ದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಅಷ್ಟೇ. ಪಕ್ಕದ ಮನೆಯ ಅಣ್ಣ ಸುಮ್ನೆ ಒತ್ತಿ ನೋಡಿದರು. "ಹತ್ತಿತಲ್ಲೋ ಮಾರಾಯ!" ಎಂದು ಕೂಗಿಯೇ ಬಿಟ್ಟರು. ಮನೆಗೆ ತಂದು ಒರೆಸಿ ಮುಚ್ಚಳ ತೆಗೆದೆ. ಒಳಗೆ ಒಂದು ಹನಿ ನೀರಿಲ್ಲ.

ನನಗೆ ಖುಷಿಯಾಯಿತು. ಆಮೇಲೆ ದೋಣಿ ಕಡೆ ನೋಡಲು ಆಗಲಿಲ್ಲ. ಅದು ಅಪ್ಪಯ್ಯ ಹೆಬ್ಬಲಸಿನ ಹಲಗೆಯಲ್ಲಿ ಮಾಡಿಸಿದ್ದು. ಪ್ರತಿ ಬೇಸಿಗೆ ಮಗುಚಿ ಹಾಕಿ, ಒಣಗಿಸಿ, ಗೇರೆಣ್ಣೆ ಬಳಿಯುತ್ತಿದ್ದರು. ಅವರು ಹೋದ ಮೇಲೆ ಎರಡು ಬೇಸಿಗೆ ನಾನು ಬಳಿಯಲಿಲ್ಲ. ಅಡಿಕೆ ಕೆಲಸ, ಮದುವೆ ಮನೆ, ಏನೇನೋ. ರಿಂಗಿಗೆ ಮಾತ್ರ ಒಂದು ಅಮಾವಾಸ್ಯೆಯೂ ತಪ್ಪಿಸಲಿಲ್ಲ. ಬೊಡ್ಡೆ ಬಡಿದ ಜಾಗದ ಸುತ್ತ ಹಲಗೆ ಮೊದಲೇ ಮೆತ್ತಗಾಗಿತ್ತು. ಇದನ್ನು ಬರೆಯಲು ಕಷ್ಟವಾಗುತ್ತದೆ.

ಟಾರ್ಚು ಕೊಳ್ಳಬಹುದಾ ಎಂದು ಕೇಳಿದರೆ, ಗ್ರೀಸ್ ಹಚ್ಚುವವರಾದರೆ ಧಾರಾಳವಾಗಿ ಕೊಳ್ಳಿ. ಜೊತೆಗೆ ಅದೇ ಅಳತೆಯ ಎರಡು ರಿಂಗು ತಂದಿಟ್ಟುಕೊಳ್ಳಿ. ಹತ್ತು ರೂಪಾಯಿಯದು.

ಮೊನ್ನೆ ಘಟ್ಟದ ಕೆಳಗಿನಿಂದ ಆಚಾರಿ ಬಂದಿದ್ದರು. ಮಗುಚಿದ ದೋಣಿಯ ಒಳಗೆ ತೂರಿ "ಬೆಳಕು ಹಿಡಿಯಿರಿ" ಎಂದರು. ನಾನು ಈ ಟಾರ್ಚು ಹಿಡಿದು ಪಕ್ಕದಲ್ಲೇ ಮಲಗಿದೆ. ಅವರು ಉಳಿ ಹಿಡಿಯಿಂದ ಒಂದೊಂದೇ ಹಲಗೆ ತಟ್ಟುತ್ತಾ ಹೋದರು. ಟಕ್ ಎಂದರೆ ಮುಂದೆ ಹೋಗುವುದು, ಬೊದ್ ಎಂದರೆ ಸೀಮೆಸುಣ್ಣದಲ್ಲಿ ಗೀಟು. ಮೂರು ಗೀಟು ಬಿತ್ತು. ಉಳಿದವೆಲ್ಲ ಗಟ್ಟಿ ಇವೆ ಎಂದರು.