ಪಿಲಾಫ್‌ಗೆ ಬಾಸ್ಮತಿಯೇ ಬೇಕಾ? ಐದು ಧಾನ್ಯಗಳಲ್ಲಿ ಮಾಡಿ ನೋಡಿದ ಹೋಲಿಕೆ

ಮೆಡಿಟರೇನಿಯನ್ ಕಡೆಯ ಪಿಲಾಫ್ ಮನೆಯಲ್ಲಿ ಮಾಡಬೇಕು ಅಂದರೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು, ಒಳ್ಳೆ ಬಾಸ್ಮತಿ ತನ್ನಿ ಅಂತ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಬಾಸ್ಮತಿ, ಸೋನಾ ಮಸೂರಿ, ಕೈಮ, ಕುಚ್ಚಲಕ್ಕಿ, ಗೋಧಿ ನುಚ್ಚು ಎಲ್ಲದರಲ್ಲೂ ಮಾಡಿ ನೋಡಿದ್ದೇನೆ. ಕುಕ್ಕರಿನಲ್ಲಿ, ದಪ್ಪ ತಳದ ಪಾತ್ರೆಯಲ್ಲಿ, ತೆಳಿ ಬಸಿದು, ಬಸಿಯದೆ, ಹೀಗೆ ಬೇರೆ ಬೇರೆ ರೀತಿಯಲ್ಲೂ ನೋಡಿಯಾಯಿತು. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಈಗ ನಿಂತಿರುವುದು ಕೈಮ ಅಕ್ಕಿ, ಮನೆಯ ತುಪ್ಪ, ದಪ್ಪ ತಳದ ಪಾತ್ರೆ.

ಹೋಲಿಕೆಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಟರ್ಕಿಯ ಪಿಲಾವ್, ಗ್ರೀಸಿನ ಪಿಲಾಫಿ, ಲೆಬನಾನ್ ಮತ್ತು ಸಿರಿಯಾದ ಶ್ಯಾವಿಗೆ ಅನ್ನ, ಇವೆಲ್ಲ ನಮ್ಮ ತರಕಾರಿ ಪಲಾವಿನ ಹಾಗೆ ಮಸಾಲೆ ಅನ್ನ ಅಲ್ಲ. ಅಕ್ಕಿ, ಜಿಡ್ಡು, ಉಪ್ಪು, ಅಳತೆಯ ನೀರು, ಇಷ್ಟರಲ್ಲೇ ರುಚಿ ಬರಬೇಕು. ಹಸಿಮೆಣಸು, ಶುಂಠಿ, ಪುದೀನ ಅರೆದು ಹಾಕಿದರೆ ಯಾವ ಅಕ್ಕಿಯಾದರೂ ಹೆಚ್ಚು ಕಡಿಮೆ ಒಂದೇ ಆಗುತ್ತದೆ. ಇಲ್ಲಿ ಹಾಗಲ್ಲ, ಅಕ್ಕಿ ಬದಲಾದರೆ ಅಡುಗೆಯೇ ಬದಲು.

ನಮ್ಮ ಮನೆಗೆ ಈ ಅನ್ನ ಬಂದದ್ದು ಅಣ್ಣನಿಂದ. ಕಾಸರಗೋಡಿನಲ್ಲಿ ಗಲ್ಫಿಗೆ ಹೋಗಿ ಬಂದವರಿಲ್ಲದ ಊರು ಹುಡುಕಬೇಕು. ಅಣ್ಣನೂ ಶಾರ್ಜಾದಲ್ಲಿ ಇದ್ದವನು. ಅಲ್ಲಿ ಲೆಬನಾನಿನವರ ಹೋಟೆಲಿನಲ್ಲಿ ದಿನಾ ತಿನ್ನುತ್ತಿದ್ದ ಅನ್ನವನ್ನು ಊರಿಗೆ ಬಂದ ಮೇಲೂ ಮರೆಯಲಿಲ್ಲ. ನಾನು ಮೊದಲು ಬಾಸ್ಮತಿಯಲ್ಲಿ ಮಾಡಿ ಬಡಿಸಿದಾಗ ಅವನು ಹೇಳಿದ್ದು, "ಚೆಂದ ಉಂಟು ತಂಗೀ, ಆದರೆ ಅಲ್ಲಿಯದ್ದು ಬಾಯಲ್ಲಿ ಸ್ವಲ್ಪ ಮೆತ್ತಗೆ ಸಿಗ್ತದೆ."

ಅವನ ಮಾತು ಸರಿಯಾಗಿತ್ತು. ಬಾಸ್ಮತಿ ನೋಡಲು ಎಲ್ಲಕ್ಕಿಂತ ಚೆಂದ. ಬೇಯುವಾಗ ಉದ್ದಕ್ಕೆ ಬೆಳೆಯುತ್ತದೆ, ಹಳೆ ಅಕ್ಕಿಯಾದರೆ ಸುಮಾರು ಎರಡು ಪಟ್ಟು ಉದ್ದ ಆಗುತ್ತದೆ. ಒಂದು ಅಗುಳು ಇನ್ನೊಂದಕ್ಕೆ ಅಂಟುವುದಿಲ್ಲ. ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಒಂದೂವರೆ ಲೋಟ ನೀರು ಇಟ್ಟರೆ ಸಾಕು, ಕೈ ಕೊಡುವ ಭಯ ಇಲ್ಲ. ಆದರೆ ಅದರ ಪರಿಮಳ ಜೋರು. ತುಪ್ಪದ ವಾಸನೆ, ಹುರಿದ ಶ್ಯಾವಿಗೆಯ ವಾಸನೆ ಎರಡೂ ಅದರ ಹಿಂದೆ ನಿಂತುಬಿಡುತ್ತವೆ. ಆರಿದ ಮೇಲೆ ಒರಟಾಗುತ್ತದೆ. ಟರ್ಕಿಯಲ್ಲಿ ಪಿಲಾವ್‌ಗೆ ಹೆಸರುವಾಸಿಯಾದ ಅಕ್ಕಿ ಬಾಲ್ಡೋ. ಇಟಲಿಯಿಂದ ಬಂದ ತಳಿ ಅದು, ಕಾಳು ದುಂಡಗೆ, ದಪ್ಪ. ಬಿಡಿಬಿಡಿಯಾಗಿಯೂ ಇರಬೇಕು, ಒಳಗೆ ಮೆತ್ತಗೂ ಇರಬೇಕು ಅನ್ನುವುದು ಅವರ ಲೆಕ್ಕ. ಬಾಸ್ಮತಿ ಮೊದಲನೆಯದನ್ನು ಮಾತ್ರ ಕೊಡುತ್ತದೆ.

ಹಾಗಾದರೆ ದಿನದ ಸೋನಾ ಮಸೂರಿ ಆಗುವುದಿಲ್ವಾ? ಆಗುತ್ತದೆ. ಇದಕ್ಕೆ ಎರಡನೇ ಸ್ಥಾನ ಕೊಡುತ್ತೇನೆ. ಆದರೆ ಟರ್ಕಿಯವರು ಮಾಡುವ ಒಂದು ಕೆಲಸ ಇದಕ್ಕೆ ಮಾಡಲೇಬೇಕು. ಬಿಸಿ ನೀರಿಗೆ ಉಪ್ಪು ಹಾಕಿ ಅಕ್ಕಿಯನ್ನು ಅದರಲ್ಲಿ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ತಣ್ಣೀರಿನಲ್ಲಿ ನೀರು ತಿಳಿಯಾಗುವ ತನಕ ತೊಳೆಯುವುದು. ಅಕ್ಕಿಯ ಮೇಲಿರುವ ಪುಡಿಯೇ ಅಂಟಿಗೆ ಕಾರಣ, ಅದು ಹೋಗಬೇಕು. ತೊಳೆದ ಅಕ್ಕಿಯನ್ನು ತೂತಿನ ಪಾತ್ರೆಯಲ್ಲಿ ಹಾಕಿ ನೀರು ಪೂರ್ತಿ ಇಳಿಸಬೇಕು. ಒದ್ದೆ ಅಕ್ಕಿ ತುಪ್ಪದಲ್ಲಿ ಹುರಿಯುವುದಿಲ್ಲ, ಬೇಯಲು ಶುರು ಮಾಡುತ್ತದೆ. ಇಷ್ಟು ಮಾಡಿದರೆ ಸೋನಾ ಮಸೂರಿ ಸಪ್ಪೆಯಾದರೂ ಮರ್ಯಾದೆಯ ಪಿಲಾಫ್ ಕೊಡುತ್ತದೆ. ದುಡ್ಡಿನ ಲೆಕ್ಕದಲ್ಲೂ ಇದು ಹಗುರ.

ಇನ್ನು ಕೈಮ. ಜೀರಕಸಾಲ ಅಂತಲೂ ಪೊಟ್ಟಣದ ಮೇಲೆ ಇರುತ್ತದೆ. ಸಣ್ಣ ಕಾಳು, ಹೆಸರಿಗೆ ತಕ್ಕಂತೆ ಜೀರಿಗೆಯಷ್ಟೇ. ವಯನಾಡಿನ ಜೀರಕಸಾಲ ಅಕ್ಕಿಗೆ 2010ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ, ಮಾನ್ಯತೆ ಸಿಕ್ಕಿದೆ. ಕಾಸರಗೋಡು, ಕುಂಬಳೆ, ಉಪ್ಪಳದ ಅಂಗಡಿಗಳಲ್ಲಿ ಕೈಮ ಕೇಳಿದರೆ ತಕ್ಷಣ ತೆಗೆದು ಕೊಡುತ್ತಾರೆ, ಏಕೆಂದರೆ ಇಲ್ಲಿನ ಮಾಪಿಳ್ಳೆ ಮುಸ್ಲಿಮರ ಮನೆಗಳ ನೆಯ್‌ಚೋರು (ತುಪ್ಪದ ಅನ್ನ), ಬಿರಿಯಾನಿ ಎರಡೂ ಅದರಲ್ಲೇ ಆಗುವುದು. ನಮ್ಮಂಥ ಹವ್ಯಕರ ಮನೆಗಳಲ್ಲಿ ಅದನ್ನು ತರುವ ಅಭ್ಯಾಸ ಇರಲಿಲ್ಲ. ನನಗೆ ಕಲಿಸಿದ್ದು ಪಕ್ಕದ ಮನೆಯ ಇತ್ತ, ಮಾಪಿಳ್ಳೆಯವರು ಅಕ್ಕನನ್ನು ಕರೆಯುವುದು ಹಾಗೆ.

ಇತ್ತ ನೆಯ್‌ಚೋರು ಮಾಡುವುದನ್ನು ಹತ್ತಿರ ನಿಂತು ನೋಡಿದರೆ ಟರ್ಕಿಯ ಪಿಲಾವ್ ನೋಡಿದ ಹಾಗೆಯೇ. ತುಪ್ಪ ಬಿಸಿಯಾಗುತ್ತದೆ, ಚಕ್ಕೆ, ಏಲಕ್ಕಿ, ಲವಂಗ ಒಂದೊಂದು ಬೀಳುತ್ತವೆ. ನೀರಿಳಿದ ಅಕ್ಕಿಯನ್ನು ಹಾಕಿ ಸಣ್ಣ ಉರಿಯಲ್ಲಿ ಕೆದಕುತ್ತಾರೆ. ಮೊದಲು ಅಕ್ಕಿ ಸೌಟಿಗೆ ಮೆತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಬಿಡುತ್ತದೆ, ಪಾತ್ರೆಯ ತಳಕ್ಕೆ ತಾಗಿ ಸರಸರ ಸದ್ದು ಬರುತ್ತದೆ. ಆ ಸದ್ದು ಬಂದ ಮೇಲೆಯೇ ನೀರು, ಅದೂ ಕುದಿಯುವ ನೀರು. "ಇನ್ನು ಸೌಟು ಹಾಕ್ಬೇಡ, ಒಡೆದು ಹೋಗ್ತದೆ" ಅಂತ ಮುಚ್ಚಳ ಹಾಕಿಬಿಡುತ್ತಾರೆ. ತಣ್ಣೀರು ಹಾಕಿದರೆ ಪಾತ್ರೆಯ ಬಿಸಿ ಇಳಿದು, ಅಕ್ಕಿ ಬೇಯುವ ಮೊದಲೇ ನೆನೆದು ಮೆತ್ತಗಾಗುತ್ತದೆ. ಇಸ್ತಾಂಬುಲಿನ ಅಡುಗೆಯವರೂ ಬಿಸಿ ನೀರು ಅಥವಾ ಬಿಸಿ ಸಾರು ಹಾಕುವುದು ಇದಕ್ಕೇ.

ಕೈಮಕ್ಕೆ ಹದಿನೈದು ನಿಮಿಷ ನೆನೆ ಸಾಕು. ಒಂದಕ್ಕೆ ಒಂದೂವರೆ ನೀರು. ನೆನೆಸದಿದ್ದರೆ ಒಂದೂಮುಕ್ಕಾಲು. ಬೆಂದ ಮೇಲೆ ಕಾಳು ಉದ್ದ ಆಗುವುದಿಲ್ಲ, ಉಬ್ಬುತ್ತದೆ. ಒಳಗೆ ಮೆತ್ತಗೆ, ಹೊರಗೆ ತುಪ್ಪದ ಹೊಳಪು. ಅಣ್ಣ ಹೇಳಿದ ಆ ಮೆತ್ತಗಿನದ್ದು ಇದೇ. ಬಾಸ್ಮತಿಗಿಂತ ಇದರ ಪರಿಮಳ ತಣ್ಣಗಿನದ್ದು, ತುಪ್ಪಕ್ಕೆ ಜಾಗ ಬಿಡುತ್ತದೆ. ದೂರದ ಊರಿನ ಅಡುಗೆಗೆ ದೂರದ ಅಕ್ಕಿ ಹುಡುಕುತ್ತಾ ಹೋಗುವಾಗ ಬೇಲಿಯಾಚೆಯ ಮನೆಯಲ್ಲೇ ಅದಕ್ಕೆ ತಕ್ಕ ಅಕ್ಕಿ, ತಕ್ಕ ಕ್ರಮ ಎರಡೂ ಇತ್ತು ಅನ್ನುವುದು ನನಗೆ ದೊಡ್ಡ ಖುಷಿ.

ಕುಚ್ಚಲಕ್ಕಿಯ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ನಮ್ಮ ದಿನದ ಊಟ ಅದೇ, ಗಂಜಿಗೂ ಅದೇ. ಪಿಲಾಫ್‌ಗೆ ಮಾತ್ರ ಆಗದು. ಬೇಯಲು ಹೆಚ್ಚು ಕಡಿಮೆ ಒಂದು ಗಂಟೆ ಬೇಕು, ಅಷ್ಟು ಹೊತ್ತಿಗೆ ಅಳತೆಯ ನೀರು ನಿಲ್ಲುವುದಿಲ್ಲ. ಗ್ರೀಸಿನ ಸ್ಪಾನಕೋರಿಜೊ ಅಂದರೆ ಪಾಲಕ್, ಸಬ್ಬಸಿಗೆ, ಲಿಂಬೆ ಹಾಕಿದ ಸ್ವಲ್ಪ ತೇವದ ಅನ್ನ. ಬೆಂದ ಕುಚ್ಚಲಕ್ಕಿಗೆ ಹಿತ್ತಲಿನ ಹರಿವೆ ಸೊಪ್ಪು, ಲಿಂಬೆರಸ ಸೇರಿಸಿ ಅದರ ಹಾಗೆ ಮಾಡಿದರೆ ರುಚಿ ಇದೆ, ಬಿಡಿ. ಆದರೆ ಅದು ಬೇರೆಯೇ ತಿನಿಸು.

ಗೋಧಿ ನುಚ್ಚನ್ನು ಸೇರಿಸಿದ್ದು ಬಲ್ಗರ್ ನೆನಪಿನಿಂದ. ಟರ್ಕಿ, ಸಿರಿಯಾ, ಸೈಪ್ರಸ್ ಕಡೆ ಅಕ್ಕಿಯಷ್ಟೇ ಬಲ್ಗರಿನ ಪಿಲಾಫೂ ಉಂಟು. ನೋಡಲು ನಮ್ಮ ನುಚ್ಚಿನಂತೆಯೇ ಇದ್ದರೂ ಬಲ್ಗರ್ ಮಾಡುವಾಗ ಗೋಧಿಯನ್ನು ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಒಡೆಯುತ್ತಾರೆ. ಕುಚ್ಚಲಕ್ಕಿ ಮಾಡುವವರಿಗೆ ಈ ಕ್ರಮ ಹೊಸದೇನೂ ಅಲ್ಲ. ನಮ್ಮ ನುಚ್ಚು ಹಸಿ ಗೋಧಿಯದ್ದು, ಹಾಗಾಗಿ ಬೇಗ ಅಂಟಾಗಿ ಉಪ್ಪಿಟ್ಟಿನ ಕಡೆಗೆ ವಾಲುತ್ತದೆ. ದಪ್ಪ ನುಚ್ಚು ತಂದು, ತುಪ್ಪದಲ್ಲಿ ಕೆಂಪಗೆ ಹುರಿದು, ನೀರು ಸ್ವಲ್ಪ ಹಿಡಿದು ಹಾಕಿದರೆ ತಕ್ಕಮಟ್ಟಿಗೆ ಬರುತ್ತದೆ. ಟೊಮೆಟೊ ಹಾಕಿದ ಪಿಲಾಫ್‌ಗೆ ಇದು ಹೊಂದುತ್ತದೆ. ರಾತ್ರಿ ಅನ್ನ ಬೇಡ ಅನ್ನುವವರಿಗೆ ಮಾಡಿ ಕೊಡಬಹುದು.

ಪಾತ್ರೆಗೆ ಬರೋಣ. ಕುಕ್ಕರಿನಲ್ಲಿ ಮಾಡಿದ ಪಿಲಾಫ್ ನನಗೆ ಇಷ್ಟ ಆಗಲಿಲ್ಲ. ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿ ನೂರಿಪ್ಪತ್ತರ ಹತ್ತಿರ ಹೋಗುತ್ತದೆ. ಬಾಸ್ಮತಿ ಹೇಗೋ ತಡೆದುಕೊಳ್ಳುತ್ತದೆ, ಕೈಮದ ಸಣ್ಣ ಕಾಳು ಒಡೆದು ಒಂದಕ್ಕೊಂದು ಅಂಟುತ್ತದೆ. ಬಾಸ್ಮತಿಗೂ ಒಂದೇ ವಿಸಿಲ್, ನೀರು ಕಡಿಮೆ, ಆಗ ಮಾತ್ರ ಸರಿ. ಆಫೀಸಿಗೆ ಹೊರಡುವ ಬೆಳಗ್ಗೆಗೆ ಕುಕ್ಕರ್ ಇರಲಿ.

ನಮ್ಮ ಮನೆಯ ಹಳೆಯ ಕ್ರಮ ಅಂದರೆ ಜಾಸ್ತಿ ನೀರಿನಲ್ಲಿ ಬೇಯಿಸಿ ತೆಳಿ ಬಸಿಯುವುದು. ಅತ್ತೆ ಈಗಲೂ ಅದನ್ನೇ ಮಾಡುತ್ತಾರೆ, ತೆಳಿ ದನಕ್ಕೆ ಹೋಗುತ್ತದೆ. ಒಂದು ಅಗುಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿ ಇಡೀ ಪಾತ್ರೆಯ ಅನ್ನ ಆಯ್ತು ಅಂತ ಹೇಳುತ್ತಾರೆ. ಆ ಕ್ರಮದಲ್ಲಿ ಅದು ನೂರಕ್ಕೆ ನೂರು ಸರಿ, ಏಕೆಂದರೆ ಕುದಿಯುವ ನೀರಿನಲ್ಲಿ ಎಲ್ಲ ಅಕ್ಕಿಯೂ ಒಂದೇ ಥರ ಸುತ್ತುತ್ತಾ ಬೇಯುತ್ತದೆ. ಪಿಲಾಫ್‌ನಲ್ಲಿ ಅಕ್ಕಿ ಅಲ್ಲಾಡುವುದಿಲ್ಲ. ತಳದ ಅಗುಳು ಬೆಂದಿರುತ್ತದೆ, ಮೇಲಿನದ್ದರ ನಡುವೆ ಇನ್ನೂ ಗಟ್ಟಿ ಇರುತ್ತದೆ. ಹಾಗಾಗಿ ಒಲೆ ಆರಿಸಿದ ಮೇಲಿನ ಹದಿನೈದು ನಿಮಿಷ ಇಲ್ಲಿ ಬೇಯಿಸುವಷ್ಟೇ ಮುಖ್ಯ. ಮುಚ್ಚಳ ತೆಗೆದು, ಶುದ್ಧವಾದ ಹತ್ತಿ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಹಾಸಿ, ಮತ್ತೆ ಮುಚ್ಚಬೇಕು. ಮೇಲೇರಿದ ಹಬೆ ಹನಿಯಾಗಿ ಅನ್ನಕ್ಕೆ ಬೀಳದೆ ಬಟ್ಟೆಗೆ ಹೋಗುತ್ತದೆ. ಒಳಗಿನ ತೇವ ಮೇಲೂ ಕೆಳಗೂ ಸಮ ಆಗುತ್ತದೆ. ಟರ್ಕಿಯವರು ಇದನ್ನು ತಪ್ಪಿಸುವುದೇ ಇಲ್ಲ. ಬಟ್ಟೆ ಹಾಕಿದ್ದಕ್ಕೂ ಹಾಕದ್ದಕ್ಕೂ ಇರುವ ವ್ಯತ್ಯಾಸ ಮೇಲಿನ ಒಂದು ಸೌಟು ಅನ್ನದಲ್ಲೇ ಗೊತ್ತಾಗುತ್ತದೆ.

ಬಸಿಯುವುದಕ್ಕೆ ಇನ್ನೊಂದು ತೊಂದರೆ ಉಂಟು. ಪಿಲಾಫ್‌ನ ರುಚಿ ಇರುವುದು ಆ ನೀರಿನಲ್ಲಿ. ಟರ್ಕಿಯವರು ಕೋಳಿ ಅಥವಾ ಮಾಂಸ ಬೇಯಿಸಿದ ಸಾರು ಹಾಕುತ್ತಾರೆ. ನಮ್ಮದು ಸಸ್ಯಾಹಾರದ ಮನೆ, ಸುಮ್ನೆ ನೀರು ಹಾಕಿದರೆ ಏನೋ ಕಡಿಮೆ ಅನ್ನಿಸುತ್ತಿತ್ತು. ಇಸ್ತಾಂಬುಲಿನ ಬೀದಿಗಳಲ್ಲಿ ಗಾಡಿಯಲ್ಲಿ ಮಾರುವ ಕಡಲೆ ಪಿಲಾವ್‌ನಿಂದ ಇದಕ್ಕೆ ದಾರಿ ಸಿಕ್ಕಿತು. ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಉಪ್ಪು ಹಾಕಿ ಬೇಯಿಸಿ, ಆ ನೀರನ್ನೇ ಅಳೆದು ಅಕ್ಕಿಗೆ ಹಾಕುತ್ತೇನೆ. ಬೆಂದ ಕಡಲೆ ಒಂದು ಹಿಡಿ ಮೇಲಿನಿಂದ. ಸಾರಿನ ಗಟ್ಟಿತನ ಇದರಲ್ಲೇ ಬರುತ್ತದೆ.

ಶ್ಯಾವಿಗೆ ಅಂದರೆ ನಮ್ಮಲ್ಲಿ ಅಕ್ಕಿಯ ಒತ್ತು ಶ್ಯಾವಿಗೆ. ಇದಕ್ಕೆ ಬೇಕಾದದ್ದು ಪಾಯಸಕ್ಕೆ ತರುವ ತೆಳು ಗೋಧಿ ಶ್ಯಾವಿಗೆ, ಹುರಿಯದೇ ಇದ್ದದ್ದು. ಒಂದು ಲೋಟ ಅಕ್ಕಿಗೆ ಕಾಲು ಲೋಟ, ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಮುರಿದು. ತುಪ್ಪದಲ್ಲಿ ಅದು ಮೊದಲು ಬೆಳ್ಳಗೇ ಇರುತ್ತದೆ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಅಂಚಿನಲ್ಲಿ ಒಂದೆರಡು ಎಳೆ ಕೆಂಪಾಗುತ್ತವೆ, ಮತ್ತೆ ನೋಡುವಷ್ಟರಲ್ಲಿ ಎಲ್ಲವೂ ಬೆಲ್ಲದ ಬಣ್ಣ. ಅಲ್ಲಿಗೆ ಅಕ್ಕಿ ಬೀಳಬೇಕು. ಪಾಯಸಕ್ಕೆ ಹುರಿಯುವುದಕ್ಕಿಂತ ಇದು ಎರಡು ಹೆಜ್ಜೆ ಮುಂದೆ. ಹೊಂಬಣ್ಣಕ್ಕೇ ನಿಲ್ಲಿಸಿದರೆ ಬೆಂದ ಮೇಲೆ ಅನ್ನದೊಳಗೆ ಕಾಣುವುದೂ ಇಲ್ಲ, ರುಚಿಯೂ ಇಲ್ಲ. ಟರ್ಕಿಯವರು ಇದೇ ಜಾಗಕ್ಕೆ ಅಕ್ಕಿ ಕಾಳಿನ ಆಕಾರದ ಪಾಸ್ತಾವನ್ನೂ ಹಾಕುತ್ತಾರೆ. ನಮ್ಮ ಪೇಟೆಯಲ್ಲಿ ಸಿಗುವ ಶ್ಯಾವಿಗೆಯೇ ನನಗೆ ಸಾಕು.

ಜಿಡ್ಡಿನಲ್ಲಿ ಪೈಪೋಟಿಯೇ ಇಲ್ಲ. ಆಲಿವ್ ಎಣ್ಣೆ ಟೊಮೆಟೊ ಅಥವಾ ಸೊಪ್ಪಿನ ಅನ್ನಕ್ಕೆ ಒಳ್ಳೆಯದು, ಬೆಲೆ ಮಾತ್ರ ಏರು. ತೆಂಗಿನೆಣ್ಣೆಯ ವಾಸನೆ ಕೈಮವನ್ನು ನುಂಗಿಬಿಡುತ್ತದೆ. ಬೆಣ್ಣೆ ಚೆನ್ನ, ಆದರೆ ಶ್ಯಾವಿಗೆ ಕೆಂಪಾಗುವ ಹೊತ್ತಿಗೆ ಅದು ಕರಟುತ್ತದೆ. ತುಪ್ಪ ಹಾಕಿದರೆ ಅದು ನಮ್ಮ ಹೊಂದಾಣಿಕೆ ಅಂತ ಯಾರೂ ಅಂದುಕೊಳ್ಳಬೇಕಿಲ್ಲ. ಅರಬ್ ಅಡುಗೆಯ ಸಮ್ನೆ, ಟರ್ಕಿಯ ಸಾದೆ ಯಾಗ್ ಎರಡೂ ಕಾಯಿಸಿದ ಬೆಣ್ಣೆಯೇ.

ಈ ಅನ್ನ ನಮ್ಮ ಮನೆಯಲ್ಲಿ ನೆಲೆ ನಿಂತದ್ದಕ್ಕೆ ಇನ್ನೊಂದು ಕಾರಣ ಅತ್ತೆ. ಅವರು ವ್ರತದ ದಿನಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. "ಇದಕ್ಕೆ ನೀರುಳ್ಳಿ ಹಾಕಿದ್ದೀಯಾ?" ಅಂತ ಮೊದಲೇ ಕೇಳಿಕೊಳ್ಳುತ್ತಾರೆ. ಶ್ಯಾವಿಗೆ ಪಿಲಾಫ್‌ಗೆ ಅದು ಬೇಡವೇ ಬೇಡ. ಟರ್ಕಿಯವರು ಜೊತೆಗೆ ಸೌತೆಕಾಯಿ, ಮೊಸರು, ಒಣ ಪುದೀನದ ಜಾಜಿಕ್ ಇಡುತ್ತಾರೆ. ನಮ್ಮಲ್ಲಿ ಆ ಜಾಗಕ್ಕೆ ಅತ್ತೆಯ ಮುಳ್ಳುಸೌತೆ ಸಳ್ಳಿ (ಪಚಡಿ) ಬಂತು, ತೆಂಗಿನಕಾಯಿ, ಸಾಸಿವೆ ಒಗ್ಗರಣೆ ಸಮೇತ. ಮಕ್ಕಳಿಗೆ ಈಗ ಇವೆರಡು ಜೋಡಿ.

ಹತ್ತಿಪ್ಪತ್ತು ಜನ ಊಟಕ್ಕೆ ಬರುವುದಿದ್ದರೆ ಮಾತ್ರ ನಾನು ಬಾಸ್ಮತಿ ತರುತ್ತೇನೆ. ದೊಡ್ಡ ಪಾತ್ರೆಯಲ್ಲಿ ಕೈಮ ಹಾಕಿದರೆ ಮೇಲಿನ ಭಾರಕ್ಕೆ ತಳದ್ದು ಮುದ್ದೆಯಾಗುತ್ತದೆ. ಆಗ ಇರಾನಿನವರ ಕ್ರಮ ಹಿಡಿಯುತ್ತೇನೆ. ಉಪ್ಪು ನೀರಿನಲ್ಲಿ ಬಾಸ್ಮತಿಯನ್ನು ಮುಕ್ಕಾಲು ಬೇಯಿಸಿ, ಬಸಿದು, ತುಪ್ಪ ಸವರಿದ ಪಾತ್ರೆಗೆ ತುಂಬಿ ಹಬೆಯಲ್ಲಿ ಬಿಡುವುದು. ಹುರಿದ ಶ್ಯಾವಿಗೆಯನ್ನು ಬೇರೆ ನೀರಿನಲ್ಲಿ ಬೇಯಿಸಿ ನಡುನಡುವೆ ಹರಡುತ್ತೇನೆ. ಆ ದಿನ ಬಸಿಯುವ ಕೆಲಸಕ್ಕೆ ಅತ್ತೆಯೇ ಬರುತ್ತಾರೆ, ಮುಕ್ಕಾಲು ಬೆಂದದ್ದು ಯಾವಾಗ ಅಂತ ಹೇಳುವುದೂ ಅವರೇ.