ವರ್ಚುವಲ್-ಆನ್ ಒರಟೋರಿಯೊ ಟ್ಯಾಂಗ್ರಾಮ್: ಎಕ್ಸ್‌ಬಾಕ್ಸ್ 360ರಲ್ಲಿ ವರ್ಷಗಟ್ಟಲೆ ಆಡಿದ ಮೇಲೆ

ಆರ್ಕೇಡ್ ಆಟ, ಅಂದರೆ ಆಟದ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಯಂತ್ರದ ಆಟ, ಮನೆಯ ಕನ್ಸೋಲ್‌ಗೆ ಬರುವಾಗ ಸಾಮಾನ್ಯವಾಗಿ ಸೊರಗುವುದು ಚಿತ್ರ, ಇಲ್ಲವೇ ವೇಗ. ಈ ಆಟದಲ್ಲಿ ಎರಡೂ ಸೊರಗಿಲ್ಲ. ಹಿಂದೆ ಉಳಿದದ್ದು ಆರ್ಕೇಡ್ ಯಂತ್ರದ ಮೇಲಿದ್ದ ಜೋಡಿ ಸ್ಟಿಕ್‌ಗಳು ಮಾತ್ರ. ಆ ಕೊರತೆ ಎಷ್ಟು ದೊಡ್ಡದು ಎಂಬುದನ್ನು ಒಂದು ವಾರ ಆಡಿ ತೀರ್ಮಾನಿಸಲು ಆಗುವುದಿಲ್ಲ. ವರ್ಷಗಟ್ಟಲೆ ಆಡಿದ ಮೇಲೆ, ಇದು ನನ್ನ ಕನ್ಸೋಲ್‌ನಲ್ಲಿರುವ ಅತ್ಯುತ್ತಮ ಹೋರಾಟದ ಆಟ ಎಂದು ಧೈರ್ಯವಾಗಿ ಹೇಳುತ್ತೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ಸೆಗಾ ಕಂಪನಿಯ ಎಎಂ3 ವಿಭಾಗ 1990ರ ದಶಕದ ನಡುವೆ ರೂಪಿಸಿದ ಸರಣಿ ಇದು. ದೈತ್ಯ ರೋಬೋಟ್‌ಗಳು ಇಬ್ಬಿಬ್ಬರಂತೆ ಕಣಕ್ಕಿಳಿದು ಕಾದಾಡುತ್ತವೆ. ಅವುಗಳಿಗೆ ಇಲ್ಲಿ ವರ್ಚುವರಾಯ್ಡ್ ಎಂದು ಹೆಸರು, ಅವುಗಳ ವಿನ್ಯಾಸ ಹಾಜಿಮೆ ಕಾಟೋಕಿ ಅವರದು. ಎರಡನೆಯ ಭಾಗವಾದ ಒರಟೋರಿಯೊ ಟ್ಯಾಂಗ್ರಾಮ್ 1998ರಲ್ಲಿ ಸೆಗಾದ ಆರ್ಕೇಡ್ ಯಂತ್ರಾಂಶವಾದ ಮಾಡೆಲ್ 3 ಬೋರ್ಡ್‌ನ ಮೇಲೆ ಆರ್ಕೇಡ್‌ಗೆ ಬಂತು, ಮರುವರ್ಷ ಸೆಗಾದ ಮನೆಯ ಕನ್ಸೋಲ್ ಡ್ರೀಮ್‌ಕಾಸ್ಟ್‌ಗೆ. ಆಮೇಲೆ ತಿದ್ದಿ ತೀಡಿದ 5.66ನೆಯ ಆವೃತ್ತಿ ಆರ್ಕೇಡ್‌ನಲ್ಲೇ ಉಳಿದುಬಿಟ್ಟಿತ್ತು. 2009ರ ಏಪ್ರಿಲ್‌ನಲ್ಲಿ 1200 ಮೈಕ್ರೋಸಾಫ್ಟ್ ಪಾಯಿಂಟ್‌ಗಳಿಗೆ (ಆಗಿನ ಆನ್‌ಲೈನ್ ಖರೀದಿಯ ಅಂಕಗಳು) ಎಕ್ಸ್‌ಬಾಕ್ಸ್ ಲೈವ್ ಆರ್ಕೇಡ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಕ್ಕಿದ್ದು ಅದೇ ಆವೃತ್ತಿ. ಚಿತ್ರ ಅಗಲ ಪರದೆಗೆ, ಹೈ ಡೆಫಿನಿಷನ್‌ಗೆ ಹೊಂದಿಕೊಂಡಿದೆ. ಜೊತೆಗೆ ಆನ್‌ಲೈನ್ ಪಂದ್ಯ ಸೇರಿದೆ. ಹೊಸ ಕಥೆ, ಹೊಸ ರೋಬೋಟ್ ಏನನ್ನೂ ತುರುಕಿಲ್ಲ. ಈ ಸಂಯಮ ನನಗೆ ತುಂಬ ಹಿಡಿಸಿತು.

ಇನ್ನು ಆ ಸ್ಟಿಕ್‌ಗಳ ವಿಷಯ. ಆರ್ಕೇಡ್‌ನಲ್ಲಿ ಎರಡು ಕೈಗೂ ಒಂದೊಂದು ಉದ್ದನೆಯ ಸ್ಟಿಕ್. ಎರಡನ್ನೂ ಮುಂದಕ್ಕೆ ತಳ್ಳಿದರೆ ರೋಬೋಟ್ ಮುಂದಕ್ಕೆ ನಡೆಯುತ್ತದೆ, ಎರಡನ್ನೂ ಬಲಕ್ಕೆ ಒತ್ತಿದರೆ ಬಲಕ್ಕೆ ಸರಿಯುತ್ತದೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ನಿಂತಲ್ಲೇ ತಿರುಗುತ್ತದೆ. ಎರಡನ್ನೂ ಹೊರಕ್ಕೆ ಅಗಲಿಸಿದರೆ ಜಿಗಿತ, ಒಳಕ್ಕೆ ಒತ್ತಿದರೆ ರಕ್ಷಣೆ. ಬೆರಳಿಗೆ ಟ್ರಿಗರ್, ಹೆಬ್ಬೆರಳಿಗೆ ಟರ್ಬೊ ಗುಂಡಿ. ದೇಹವನ್ನು ಹೇಗೆ ಅಲುಗಿಸಬೇಕೆಂದು ಕೈಗಳಿಗೆ ತಾನಾಗಿ ಹೊಳೆಯುವಂಥ ಏರ್ಪಾಡು ಇದು.

ಎಕ್ಸ್‌ಬಾಕ್ಸ್‌ನ ಕೈಹಿಡಿ ನಿಯಂತ್ರಕವಾದ ಪ್ಯಾಡ್‌ನಲ್ಲಿ ಅದೇ ಕೆಲಸ ಗುಂಡಿಗಳಿಗೆ ಹಂಚಿಹೋಗುತ್ತದೆ. ಎಡ ಸ್ಟಿಕ್‌ನಲ್ಲಿ ನಡೆದು, ಗುಂಡಿ ಒತ್ತಿ ಜಿಗಿಯುವ ಸಾಮಾನ್ಯ ಕ್ರಮ ಬೇಗ ಕೈಗೆ ಹತ್ತುತ್ತದೆ, ಮೊದಲ ದಿನಗಳಿಗೆ ಅದು ಸಾಕು. ಎರಡು ಅನಲಾಗ್ ಸ್ಟಿಕ್‌ಗಳನ್ನೇ ಆರ್ಕೇಡ್ ಸ್ಟಿಕ್‌ಗಳಂತೆ ಆಡಿಸುವ ಕ್ರಮಕ್ಕೆ ನಾನು ಬದಲಾದದ್ದು ಬಹಳ ತಡವಾಗಿ. ಹೆಬ್ಬೆರಳುಗಳು ನೋಯುತ್ತವೆ, ಓರೆಯಾಗಿ ಸರಿಯಲು ಹೋದಾಗ ಆಗಾಗ ರೋಬೋಟ್ ಅನಗತ್ಯವಾಗಿ ಜಿಗಿದುಬಿಡುತ್ತದೆ. ಆದರೆ ಓಡುತ್ತಿರುವಾಗಲೇ ದಿಕ್ಕು ಬದಲಿಸುವ ನಯ ಆ ಕ್ರಮದಲ್ಲೇ ಹೆಚ್ಚು. ಹಾಗಾಗಿ ನೋವನ್ನು ಸಹಿಸಿಕೊಂಡಿದ್ದೇನೆ.

ಕಾದಾಟದ ಜೀವ ಇರುವುದು ಓಟದಲ್ಲಿ. ಟರ್ಬೊ ಒತ್ತಿ ಒಂದು ದಿಕ್ಕಿಗೆ ನುಗ್ಗುತ್ತೀರಿ, ನುಗ್ಗುವಾಗಲೇ ಗುಂಡು ಹಾರಿಸುತ್ತೀರಿ. ಮುಂದಕ್ಕೆ ಓಡುತ್ತಾ ಹಾರಿಸಿದ ಗುಂಡೇ ಬೇರೆ, ಪಕ್ಕಕ್ಕೆ ಓಡುತ್ತಾ ಹಾರಿಸಿದ್ದೇ ಬೇರೆ. ಬಲ, ಎಡ, ನಡು ಎಂಬ ಮೂರು ಆಯುಧಗಳು ಪ್ರತಿ ಚಲನೆಗೂ ಹೀಗೆ ರೂಪ ಬದಲಿಸುತ್ತವೆ. ಆದರೆ ಗುಂಡು ಹಾರಿಸಿ ಓಟ ಮುಗಿದೊಡನೆ ರೋಬೋಟ್ ಒಂದು ಕ್ಷಣ ಮರಗಟ್ಟಿ ನಿಲ್ಲುತ್ತದೆ. ಬಲ್ಲವರು ಕಾಯುವುದು ಆ ಕ್ಷಣಕ್ಕೆ. ಎದುರಾಳಿ ಮೊದಲು ಗುಂಡು ಹಾರಿಸುವಂತೆ ಮಾಡಬೇಕು, ಅದನ್ನು ಜಿಗಿದು ತಪ್ಪಿಸಿಕೊಳ್ಳಬೇಕು. ಜಿಗಿದಾಗ ನಿಮ್ಮ ರೋಬೋಟ್ ತಾನಾಗಿ ಎದುರಾಳಿಯತ್ತ ಮುಖ ಮಾಡುತ್ತದೆ. ಮೇಲೇರುತ್ತಿರುವಾಗಲೇ ಜಿಗಿತವನ್ನು ಕತ್ತರಿಸಿ ನೆಲಕ್ಕಿಳಿದರೆ, ಎದುರಿಗೆ ಅವನು ಇನ್ನೂ ಮರಗಟ್ಟಿಯೇ ನಿಂತಿರುತ್ತಾನೆ.

ಇದರ ಅತ್ಯಂತ ಭೀಕರ ರೂಪ ನೋಡಬೇಕಾದರೆ ರೈಡನ್ ಎಂಬ ರೋಬೋಟ್ ಎದುರು ಆಡಬೇಕು. ದಪ್ಪ ಕವಚ, ನಿಧಾನ ನಡಿಗೆ, ಕೈಯಲ್ಲಿ ಬಝೂಕಾ. ಅವನು ಗುರಿಯಿಡುವುದೇ ನಿಮ್ಮ ಓಟದ ಕೊನೆಗೆ. ಅಗಲವಾದ ಎರಡು ಹೆಗಲುಗಳಿಂದ ಜೋಡಿ ಲೇಸರ್ ಕಣದುದ್ದಕ್ಕೂ ಚಿಮ್ಮುತ್ತದೆ, ಸಿಕ್ಕಿಬಿದ್ದರೆ ಜೀವಪಟ್ಟಿಯ ದೊಡ್ಡ ತುಂಡೊಂದು ಕಣ್ಣೆದುರೇ ಮಾಯ. ಅದಕ್ಕೆ ಹೆದರಿ ಓಡದೆ ನಿಂತರೆ ಬಝೂಕಾ ಬಡಿಯುತ್ತದೆ. ಈ ಇಕ್ಕಟ್ಟಿನಲ್ಲಿ, ಗುಂಡು ಹಾರಿಸದೆ ಬರಿದೇ ಓಡುವುದೂ ಒಂದು ನಡೆ ಎಂಬುದು ನಿಧಾನವಾಗಿ ಅರ್ಥವಾಗುತ್ತದೆ. ಅಲ್ಲಿಂದ ಮುಂದೆ ಆಟದ ರುಚಿಯೇ ಬೇರೆ.

ಉಳಿದ ರೋಬೋಟ್‌ಗಳೂ ಒಂದರಂತೆ ಒಂದಿಲ್ಲ. ಸೈಫರ್ ಹಗುರ, ಚುರುಕು, ಯುದ್ಧವಿಮಾನವಾಗಿ ರೂಪ ಬದಲಿಸಿ ಮೇಲೆ ಎರಗುತ್ತದೆ. ಫೇ-ಯೆನ್‌ನ ಜೀವ ಅರ್ಧಕ್ಕಿಂತ ಕೆಳಗಿಳಿದರೆ ಮೈ ಚಿನ್ನದ ಬಣ್ಣಕ್ಕೆ ತಿರುಗಿ ಬಲ ಹೆಚ್ಚುತ್ತದೆ. ಆದ್ದರಿಂದ ಅವಳನ್ನು ಸೋಲಿನಂಚಿಗೆ ತಂದ ಮೇಲೆಯೇ ಹೆಚ್ಚು ಎಚ್ಚರ ಬೇಕು. ಟೆಮ್‌ಜಿನ್ ಎಲ್ಲದರಲ್ಲೂ ಹದ. ಅವನು ತನ್ನ ಆಯುಧದ ಮೇಲೇ ನಿಂತು ಎದುರಾಳಿಯತ್ತ ಜಾರುತ್ತಾ ನುಗ್ಗುವ ಹೊಡೆತ ಪ್ರತಿ ಸಲವೂ ಮೈನವಿರೇಳಿಸುತ್ತದೆ. ಇದರ ಮೇಲೆ ವಿ-ಆರ್ಮರ್ ಎಂಬ ಕವಚದ ಲೆಕ್ಕ ಬೇರೆ ಇದೆ: ದುರ್ಬಲ ಗುಂಡುಗಳು ದೂರದಿಂದ ಬಡಿದರೆ ಪುಟಿದುಹೋಗುತ್ತವೆ, ಹೊಡೆತ ಬಿದ್ದಂತೆಲ್ಲ ಕವಚ ಸವೆಯುತ್ತದೆ.

ಇಷ್ಟವಾಗದ ಸಂಗತಿಗಳೂ ಇವೆ. ಹೊಸಬರಿಗೆ ಕಲಿಸುವ ಗೋಜಿಗೆ ಆಟ ಹೋಗುವುದಿಲ್ಲ. ಮೇಲೆ ಹೇಳಿದ ಜಿಗಿತ ಕತ್ತರಿಸುವ ಉಪಾಯವನ್ನು ನಾನು ಕಲಿತದ್ದು ಎದುರಾಳಿಗಳ ಕೈಯಲ್ಲಿ ಸೋತು ಸೋತು. ಸಮಯ ಮುಗಿದಾಗ ಹೆಚ್ಚು ಜೀವ ಉಳಿದವರೇ ಗೆಲ್ಲುವುದರಿಂದ, ಒಂದು ಹೊಡೆತದ ಮುನ್ನಡೆ ಸಿಕ್ಕೊಡನೆ ಓಡಿ ತಪ್ಪಿಸಿಕೊಳ್ಳುವವರಿದ್ದಾರೆ. ಕ್ರಮಬದ್ಧವಾದರೂ ಅಂಥ ಪಂದ್ಯ ಬೇಸರ ತರಿಸುತ್ತದೆ. ಆನ್‌ಲೈನ್‌ನಲ್ಲಿ ಎದುರಾಳಿ ದೂರದವನಾದಷ್ಟೂ ತಡ ಹೆಚ್ಚುತ್ತದೆ. ಕ್ಷಣದ ಲೆಕ್ಕದಲ್ಲಿ ನಿಂತಿರುವ ಈ ಆಟಕ್ಕೆ ಅದೇ ದೊಡ್ಡ ಪೆಟ್ಟು. ಒಬ್ಬರೇ ಆಡುವ ಭಾಗ ಬೇಗ ಮುಗಿದುಹೋಗುತ್ತದೆ, ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಜೋಡಿ ಸ್ಟಿಕ್‌ಗಳ ಹಂಬಲ ನನ್ನೊಬ್ಬನದಲ್ಲ. ಹೋರಿ ಕಂಪನಿ ಜಪಾನಿನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆಂದೇ ಟ್ವಿನ್ ಸ್ಟಿಕ್ ಇಎಕ್ಸ್ ತಯಾರಿಸಿತು. ಮುಂದೆ ಪ್ಲೇಸ್ಟೇಷನ್ 4ಕ್ಕೆ ಅಂಥದ್ದೇ ಸಾಧನವನ್ನು, ತೂಕದ ಯಂತ್ರಗಳಿಗೆ ಹೆಸರಾದ ಟನಿಟಾ ಕಂಪನಿ ಅಭಿಮಾನಿಗಳಿಂದಲೇ ಹಣ ಒಟ್ಟುಗೂಡಿಸಿ ಹೊರತಂದಿತು. ತೂಕದ ಯಂತ್ರದವರನ್ನೂ ಈ ಕೆಲಸಕ್ಕೆ ಇಳಿಸುವಷ್ಟು ಪ್ರೀತಿ ಈ ಆಟದ ಮೇಲಿದೆ ಎಂಬುದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ.

ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ರಂದು ಮುಚ್ಚಿದ್ದರಿಂದ ಆ ಕನ್ಸೋಲ್‌ನಲ್ಲಿ ಈ ಆಟವನ್ನು ಹೊಸದಾಗಿ ಕೊಳ್ಳುವಂತಿಲ್ಲ. ಹಿಂದೆ ಕೊಂಡವರು ಮತ್ತೆ ಇಳಿಸಿಕೊಳ್ಳಬಹುದು. ಹೊಸಬರಿಗೆ ಇರುವ ಇನ್ನೊಂದು ದಾರಿ, 2019ರಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ಸಂಗ್ರಹ. ಅದರಲ್ಲಿ ಮೊದಲ ಭಾಗ, ಒರಟೋರಿಯೊ ಟ್ಯಾಂಗ್ರಾಮ್, ಮೂರನೆಯ ಭಾಗವಾದ ಫೋರ್ಸ್ ಮೂರೂ ಇವೆ. ಹಳೆಯ ಖಾತೆಯಲ್ಲಿ ಈ ಆಟ ಇದ್ದವರು ಇವತ್ತೇ ಇಳಿಸಿಕೊಂಡು, ಟೆಮ್‌ಜಿನ್‌ನನ್ನು ಆರಿಸಿ, ಮೊದಲು ಗುಂಡು ಹಾರಿಸದೆ ಓಡುವುದನ್ನು ಕಲಿಯಿರಿ. ಜೊತೆಗೆ ಆಡಲು ನಿಮ್ಮಷ್ಟೇ ಹೊಸಬರಾದ ಗೆಳೆಯರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.